ವಿಎಆರ್ ರಿವ್ಯೂ: ಕ್ಯಾಮೆರಾ ಸೂಪರ್, ಆದ್ರೆ ಮೈಕ್ ಯಾಕ್ರೀ ಬಂದ್ ಮಾಡಿದೀರ?

ಫುಟ್‌ಬಾಲ್ ನೋಡೋ ನಾವೆಲ್ಲ ಪ್ರತಿ ವೀಕೆಂಡ್ ಒಂದು ಸರ್ವಿಸ್ ಬಳಸ್ತಾ ಇದೀವಿ, ಆದ್ರೆ ಅದು ಹೇಗಿದೆ ಅಂತ ನಮ್ಮನ್ನ ಯಾರೂ ಕೇಳಲ್ಲ. ಅದೇ ವಿಎಆರ್, ವಿಡಿಯೋ ಅಸಿಸ್ಟೆಂಟ್ ರೆಫ್ರಿ, ಅಂದ್ರೆ ರೂಮಲ್ಲಿ ಕೂತು ರೀಪ್ಲೇ ನೋಡಿ ಗ್ರೌಂಡಲ್ಲಿರೋ ರೆಫ್ರಿ ತಪ್ಪನ್ನ ತಿದ್ದೋ ವ್ಯವಸ್ಥೆ. ಟಿಕೆಟ್ ದುಡ್ಡು ಕೊಟ್ಟು ಗ್ರೌಂಡಲ್ಲಿ ಕೂತೋರು, ಸಬ್‌ಸ್ಕ್ರಿಪ್ಶನ್ ಕಟ್ಟಿ ನಡುರಾತ್ರಿವರೆಗೂ ನಿದ್ದೆಗೆಟ್ಟು ಮ್ಯಾಚ್ ನೋಡೋರು, ಎಲ್ಲಾರೂ ಇದರ ಗ್ರಾಹಕರೇ ತಾನೆ. ಹಾಗಾಗಿ ಬೇರೆ ಯಾವ ಸರ್ವಿಸ್‌ಗೆ ಹೇಗೆ ರಿವ್ಯೂ ಬರೀತೀವೋ ಹಾಗೇ ಬರೀತೀನಿ, ಏನು ಕೊಡ್ತೀವಿ ಅಂತ ಹೇಳಿದ್ರು, ಏನು ಕೊಟ್ರು, ಕೆಟ್ಟಾಗ ಹೇಗೆ ನಡ್ಕೊಂಡ್ರು, ನಮ್ಮ ಕಡೆ ಸಿಗುತ್ತಾ ಇಲ್ವಾ.

ಮೊದ್ಲೇ ಹೇಳ್ಬಿಡ್ತೀನಿ, ವಿಎಆರ್ ಕಿತ್ತಾಕಿ ಅನ್ನೋ ಗುಂಪಲ್ಲಿ ನಾನಿಲ್ಲ. ಇದು ಬೇಕು. ಆದ್ರೆ ಇದರಲ್ಲಿ ಕೆಟ್ಟಿರೋದು ಕ್ಯಾಮೆರಾ ಅಂತ ಜನ ಅಂದ್ಕೊಂಡಿದಾರಲ್ಲ, ಅಲ್ಲ, ಕೆಟ್ಟಿರೋದು ಮಾತು. ರೂಮಲ್ಲಿ ಕೂತೋರು ಗ್ರೌಂಡಲ್ಲಿ ಇರೋರಿಗೆ ಏನು ಹೇಳ್ತಾರೆ, ಹೇಗೆ ಹೇಳ್ತಾರೆ, ಅದು ನಮಗೆ ಯಾಕೆ ಕೇಳಿಸಲ್ಲ. ನನ್ನ ಕಂಪ್ಲೇಂಟ್ ಇರೋದು ಅಲ್ಲೇ.

ಇದು ಯಾಕೆ ಬೇಕಾಯ್ತು ಅನ್ನೋದು ಹಳಬರಿಗೆ ಗೊತ್ತು. 1986ರ ಜೂನ್ 22, ಮೆಕ್ಸಿಕೋದ ಅಜ್ಟೆಕಾ ಸ್ಟೇಡಿಯಂ, ಇಂಗ್ಲೆಂಡ್ ಮೇಲೆ ಮರಡೋನಾ ಕೈಯಲ್ಲಿ ತಟ್ಟಿ ಗೋಲು ಹಾಕಿದ್ರು, ಟುನೀಶಿಯಾದ ರೆಫ್ರಿ ಅಲಿ ಬೆನ್ನಾಸಿಯರ್‌ಗೆ ಅದು ಕಾಣ್ಲಿಲ್ಲ. 2009ರ ನವೆಂಬರಲ್ಲಿ ಪ್ಯಾರಿಸ್ ಹತ್ರ ಸ್ತಾದ್ ದ ಫ್ರಾನ್ಸ್‌ನಲ್ಲಿ ತಿಯೆರ್ರಿ ಆನ್ರಿ ಕೈಯಲ್ಲಿ ಬಾಲ್ ತಡೆದು ಪಾಸ್ ಕೊಟ್ರು, ಗಲ್ಲಾಸ್ ಗೋಲ್ ಹೊಡೆದ್ರು, ಐರ್ಲೆಂಡ್ ವರ್ಲ್ಡ್ ಕಪ್ಪಿಗೆ ಹೋಗೋದು ತಪ್ಪೋಯ್ತು. ಮುಂದಿನ ವರ್ಷ ಅದೇ ವರ್ಲ್ಡ್ ಕಪ್ಪಲ್ಲಿ, ಬ್ಲೂಮ್‌ಫಾಂಟೇನ್‌ನಲ್ಲಿ, ಜರ್ಮನಿ 2 ಇಂಗ್ಲೆಂಡ್ 1 ಇದ್ದಾಗ ಲ್ಯಾಂಪಾರ್ಡ್ ಹೊಡೆದ ಬಾಲ್ ಕ್ರಾಸ್‌ಬಾರ್‌ಗೆ ತಾಗಿ ಗೆರೆಯಿಂದ ಎಷ್ಟೋ ಒಳಗೆ ಬಿದ್ದು ಪುಟಿದು ಆಚೆ ಬಂತು, ಗೋಲ್ ಕೊಡ್ಲಿಲ್ಲ. ಮೂರರಲ್ಲೂ ಸಮಸ್ಯೆ ಒಂದೇ, ಟೀವಿ ಮುಂದೆ ಕೂತಿದ್ದೋರಿಗೆಲ್ಲ ಗೊತ್ತಿತ್ತು, ತೀರ್ಪು ಕೊಡೋರಿಗೆ ಮಾತ್ರ ಗೊತ್ತಿರ್ಲಿಲ್ಲ. ಈ ಮಾತು ನೆನಪಿಟ್ಕೊಳಿ, ಮುಂದೆ ಬೇಕಾಗುತ್ತೆ.

ಲ್ಯಾಂಪಾರ್ಡ್ ಗೋಲಿನ ಗಲಾಟೆ ಆದ್ಮೇಲೆ 2012ರಲ್ಲಿ, ಬಾಲ್ ಗೆರೆ ದಾಟಿದ ಕೂಡ್ಲೇ ರೆಫ್ರಿ ವಾಚಿಗೆ ಬಝ್ ಕಳಿಸೋ ಗೋಲ್‌ಲೈನ್ ಟೆಕ್ನಾಲಜಿಗೆ ಒಪ್ಪಿಗೆ ಸಿಕ್ತು. ಫುಟ್‌ಬಾಲ್ ರೂಲ್ಸ್ ಬರೆಯೋದು ಐಎಫ್‌ಎಬಿ ಅನ್ನೋ ಮಂಡಳಿ, ಅದೇ 2018ರ ಮಾರ್ಚಲ್ಲಿ ವಿಎಆರನ್ನ ರೂಲ್ಸಿಗೆ ಸೇರಿಸ್ತು. ಜರ್ಮನಿ, ಇಟಲಿ ಲೀಗ್‌ಗಳು ಒಂದು ಸೀಸನ್ ಮುಂಚೆನೇ ಟ್ರೈ ಮಾಡಿದ್ವು, ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಬಂದಿದ್ದು 2019-20ರಲ್ಲಿ. ಅವರು ಕೊಟ್ಟ ಮಾತು ತುಂಬಾ ಚಿಕ್ಕದು ಸ್ವಾಮಿ. ನಾಲ್ಕೇ ವಿಷಯಕ್ಕೆ ಕೈ ಹಾಕ್ತೀವಿ, ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡು, ಮತ್ತೆ ಒಬ್ಬರ ಬದಲು ಇನ್ನೊಬ್ಬರಿಗೆ ಕಾರ್ಡ್ ತೋರಿಸಿದ್ರೆ ಅದು. ಅದರಲ್ಲೂ ಕಣ್ಣಿಗೆ ರಾಚೋ ಥರ ತಪ್ಪಾಗಿದ್ರೆ ಮಾತ್ರ. ಆಟಕ್ಕೆ ಅಡ್ಡಿ ಕಮ್ಮಿ, ಲಾಭ ಜಾಸ್ತಿ ಅನ್ನೋದು ಅವರ ಘೋಷಣೆ.

ಈಗ ಕ್ಯಾಮೆರಾ ಕಡೆ ಬರ್ತೀನಿ. ಇದಕ್ಕೆ ನಾನು ಐದಕ್ಕೆ ನಾಲ್ಕು ಕೊಡ್ತೀನಿ, ಯೋಚ್ನೆ ಮಾಡೇ ಕೊಡ್ತಿದೀನಿ. ಯಾಕಂದ್ರೆ ಶುರುವಿನಲ್ಲಿ ಆಫ್‌ಸೈಡ್ (ಪಾಸ್ ಕೊಟ್ಟ ಕ್ಷಣಕ್ಕೆ ಸ್ಟ್ರೈಕರ್ ಎದುರಾಳಿ ಡಿಫೆಂಡರ್‌ಗಳಿಗಿಂತ ಮುಂದೆ ಇರೋದು) ಗೆರೆ ಎಳೆಯೋದು ನಿಜವಾಗ್ಲೂ ಕೆಟ್ಟದಾಗಿತ್ತು. 2019ರ ನವೆಂಬರಲ್ಲಿ ಆಸ್ಟನ್ ವಿಲ್ಲಾ ಮೇಲೆ ಲಿವರ್‌ಪೂಲಿನ ಫರ್ಮಿನೋ ಹಾಕಿದ ಗೋಲನ್ನ ಕಂಕುಳು ಮುಂದೆ ಇತ್ತು ಅಂತ ತೆಗೆದ್ರು, ಹೌದು ಕಂಕುಳು. ಇದರ ಲೆಕ್ಕ ಸ್ವಲ್ಪ ನೋಡಿ. ಕ್ಯಾಮೆರಾ ಸೆಕೆಂಡಿಗೆ 50 ಫ್ರೇಮ್ ತೆಗೆದ್ರೆ ಒಂದು ಫ್ರೇಮಿಗೂ ಇನ್ನೊಂದಕ್ಕೂ ನಡುವೆ 0.02 ಸೆಕೆಂಡ್ ಗ್ಯಾಪ್. ಗಂಟೆಗೆ 30 ಕಿಲೋಮೀಟರ್ ಸ್ಪೀಡಲ್ಲಿ ಓಡ್ತಿರೋ ಸ್ಟ್ರೈಕರ್ ಆ ಗ್ಯಾಪಲ್ಲಿ ಸುಮಾರು 17 ಸೆಂಟಿಮೀಟರ್ ಮುಂದೆ ಹೋಗಿರ್ತಾನೆ. ಪಾಸ್ ಕೊಟ್ಟೋನ ಕಾಲು ಬಾಲಿಗೆ ತಾಗಿದ್ದು ಯಾವ ಫ್ರೇಮಲ್ಲಿ ಅಂತ ಮನುಷ್ಯ ಕಣ್ಣಲ್ಲಿ ನೋಡಿ ಆರಿಸ್ತಿದ್ದ, ಆಮೇಲೆ ಸೆಂಟಿಮೀಟರ್ ಲೆಕ್ಕದಲ್ಲಿ ಗೆರೆ ಎಳೀತಿದ್ರು. ಗೆರೆ ಎಷ್ಟು ಸಣ್ಣಗಿದ್ರೇನು, ಅದು ನಿಂತಿರೋ ಫ್ರೇಮೇ ಅಂದಾಜಿಂದು.

ಇದನ್ನ ಸರಿ ಮಾಡಿದಾರೆ, ಅದಕ್ಕೆ ಮೆಚ್ಚುಗೆ ಹೇಳ್ಲೇಬೇಕು. 2022ರ ಕತಾರ್ ವರ್ಲ್ಡ್ ಕಪ್ಪಲ್ಲಿ ಸ್ಟೇಡಿಯಂ ಚಾವಣಿ ಕೆಳಗೆ 12 ಟ್ರ್ಯಾಕಿಂಗ್ ಕ್ಯಾಮೆರಾ, ಒಬ್ಬೊಬ್ಬ ಆಟಗಾರನ ಮೈಮೇಲೆ 29 ಪಾಯಿಂಟ್‌ಗಳನ್ನ ಸೆಕೆಂಡಿಗೆ 50 ಸಲ ಅಳೆಯೋದು, ಬಾಲ್ ಒಳಗಡೆ ಸೆನ್ಸರ್ ಇಟ್ಟು ಸೆಕೆಂಡಿಗೆ 500 ಸಲ ಸಿಗ್ನಲ್ ಕಳಿಸೋದು. ಕಾಲು ಬಾಲಿಗೆ ತಾಗಿದ ಕ್ಷಣ ಯಾವುದು ಅನ್ನೋ ಜಗಳನೇ ಮುಗೀತು. ಪ್ರೀಮಿಯರ್ ಲೀಗ್ ಇದರ ಇನ್ನೊಂದು ಥರದ್ದನ್ನ, ಗ್ರೌಂಡ್ ಸುತ್ತ ಐಫೋನ್ ಕ್ಯಾಮೆರಾಗಳನ್ನ ಕೂರಿಸಿ ಅಳೆಯೋದನ್ನ, 2025ರ ಏಪ್ರಿಲಲ್ಲಿ ತಂತು. ಕತಾರಲ್ಲಿ ಸ್ಪೇನ್ ಮೇಲೆ ಜಪಾನ್ ಗೆದ್ದ ಮ್ಯಾಚ್ ನೋಡಿದೋರಿಗೆ ಮಿತೋಮಾ ಗೆರೆ ಮೇಲಿಂದ ವಾಪಸ್ ತಳ್ಳಿದ ಬಾಲ್ ನೆನಪಿರುತ್ತೆ, ಟೀವಿ ಆಂಗಲ್‌ನಲ್ಲಿ ಪೂರ್ತಿ ಆಚೆ ಹೋಗಿದೆ ಅನ್ನಿಸ್ತಿತ್ತು, ಮೇಲಿಂದ ನೋಡಿದ್ರೆ ಬಾಲಿನ ಅಂಚು ಇನ್ನೂ ಗೆರೆ ಮೇಲೇ ಇತ್ತು, ಬಾಲ್ ಪೂರ್ತಿ ದಾಟಿದ್ರೆ ತಾನೆ ಔಟು. ಗೋಲ್ ಉಳೀತು, ಜಪಾನ್ ಗ್ರೂಪಲ್ಲಿ ಮೊದಲನೇ ಜಾಗಕ್ಕೆ ಹೋಯ್ತು, ಜರ್ಮನಿ ಮನೆಗೆ ಹೋಯ್ತು. ವಿಎಆರ್ ಇಲ್ದೇ ಇದ್ದಿದ್ರೆ ಲೈನ್ಸ್‌ಮನ್ ಕಣ್ಣಳತೆ ಮೇಲೆ ಒಂದು ದೇಶದ ವರ್ಲ್ಡ್ ಕಪ್ ಮುಗಿದಿರ್ತಿತ್ತು.

ಹಂಗಂತ ಮಷೀನ್ ಯಾವತ್ತೂ ತಪ್ಪಲ್ಲ ಅಂತೇನಿಲ್ಲ. 2020ರ ಜೂನ್ 17, ಕೊರೋನಾ ಬ್ರೇಕ್ ಆದ್ಮೇಲೆ ಪ್ರೀಮಿಯರ್ ಲೀಗಿನ ಮೊದಲ ಮ್ಯಾಚು, ವಿಲ್ಲಾ ಗೋಲ್‌ಕೀಪರ್ ನಿಲಾಂಡ್ ಬಾಲ್ ಹಿಡ್ಕೊಂಡೇ ಗೆರೆ ದಾಟಿ ಒಳಗೆ ಹೋದ್ರು. ರೆಫ್ರಿ ವಾಚ್ ಬಝ್ ಆಗ್ಲಿಲ್ಲ. ಈ ಗೋಲ್‌ಲೈನ್ ಟೆಕ್ನಾಲಜಿ ನಡೆಸೋ ಹಾಕ್-ಐ ಕಂಪನಿ ಆಮೇಲೆ ಕ್ಷಮೆ ಕೇಳ್ತು, ಗೋಲ್ ಸುತ್ತ ಇರೋ ಏಳೂ ಕ್ಯಾಮೆರಾಗೆ ಕೀಪರ್, ಡಿಫೆಂಡರ್, ಕಂಬ ಅಡ್ಡ ಬಂದಿದ್ವು, 9,000ಕ್ಕಿಂತ ಜಾಸ್ತಿ ಮ್ಯಾಚಲ್ಲಿ ಹೀಗಾಗಿದ್ದು ಇದೇ ಮೊದಲು ಅಂತ. ಇಲ್ಲಿವರೆಗೂ ನಾನು ಒಪ್ತೀನಿ, ಮಷೀನ್ ಅಪರೂಪಕ್ಕೆ ಕೈ ಕೊಡುತ್ತೆ. ಆದ್ರೆ ಅದೇ ಹೊತ್ತಲ್ಲಿ ವಿಎಆರ್ ರೂಮಲ್ಲಿ ಮನುಷ್ಯರು ಕೂತಿದ್ರಲ್ಲ, ಮುಂದೆ ಸಾಲು ಸಾಲು ಸ್ಕ್ರೀನ್ ಇತ್ತಲ್ಲ, ಅವರು ಒಂದು ಮಾತು ರೆಫ್ರಿಗೆ ಹೇಳ್ಲಿಲ್ಲ. ವಾಚ್ ಸುಮ್ನಿದೆ ಅಂದ್ರೆ ಗೋಲ್ ಆಗಿಲ್ಲ ಅಂತಲೇ ಎಲ್ಲಾರೂ ನಂಬಿ ಕೂತ್ರು. ಶೆಫೀಲ್ಡ್ ಯುನೈಟೆಡ್‌ಗೆ ಗೋಲ್ ಸಿಗ್ಲಿಲ್ಲ, 0-0. ಸೀಸನ್ ಕೊನೆಗೆ ವಿಲ್ಲಾ 35 ಪಾಯಿಂಟಲ್ಲಿ ಬಚಾವಾಯ್ತು, 34 ಪಾಯಿಂಟ್ ಇದ್ದ ಬೋರ್ನ್‌ಮತ್ ಕೆಳಗಿನ ಡಿವಿಷನ್‌ಗೆ ಬಿತ್ತು. ಬೋರ್ನ್‌ಮತ್ ಸಪೋರ್ಟರ್ ಒಬ್ಬರ ಜಾಗದಲ್ಲಿ ನಿಂತು ಯೋಚ್ನೆ ಮಾಡಿ ನೋಡಿ, ನಿಮ್ಮ ಟೀಮ್ ಆಡದೇ ಇರೋ ಮ್ಯಾಚಿನ ಒಂದು ಮೌನದಿಂದ ನಿಮ್ಮ ವರ್ಷಗಟ್ಟಲೆ ಕನಸು ಹಾಳಾಗಿದೆ.

ಈಗ ಮೇನ್ ವಿಷಯ. ವಿಎಆರ್ ಬಗ್ಗೆ ಯಾರಾದ್ರೂ ಒಂದೇ ಒಂದು ಘಟನೆ ಓದೋದಾದ್ರೆ 2023ರ ಸೆಪ್ಟೆಂಬರ್ 30ರ ಟಾಟನ್‌ಹ್ಯಾಮ್–ಲಿವರ್‌ಪೂಲ್ ಮ್ಯಾಚಿನದ್ದೇ ಓದಿ. 0-0 ಇದ್ದಾಗ 34ನೇ ನಿಮಿಷದಲ್ಲಿ ಲೂಯಿಸ್ ಡಿಯಾಜ್ ಗೋಲ್ ಹಾಕಿದ್ರು. ಲೈನ್ಸ್‌ಮನ್ ಆಫ್‌ಸೈಡ್ ಫ್ಲ್ಯಾಗ್ ಎತ್ತಿದ್ರು. ಲಂಡನ್ನಿನ ಹೀಥ್ರೋ ಏರ್‌ಪೋರ್ಟ್ ಹತ್ರ ಸ್ಟಾಕ್ಲಿ ಪಾರ್ಕ್ ಅನ್ನೋ ಕಡೆ ವಿಎಆರ್ ರೂಮಿದೆ, ಅಲ್ಲಿ ಡ್ಯಾರೆನ್ ಇಂಗ್ಲೆಂಡ್ ಅನ್ನೋರು ಆವತ್ತು ವಿಎಆರ್. ಅವರು ನೋಡಿದ್ರು, ಗೆರೆ ಎಳೆಸಿದ್ರು, ಡಿಯಾಜ್ ಆನ್‌ಸೈಡ್ ಇದಾರೆ ಅಂತ ಸರಿಯಾಗೇ ಕಂಡು ಹಿಡಿದ್ರು. ಅಂದ್ರೆ ಕ್ಯಾಮೆರಾ ಸರಿ, ಗೆರೆ ಸರಿ, ಕಣ್ಣೂ ಸರಿ. ಆದ್ರೆ ಅವರ ತಲೆಲಿ ಗ್ರೌಂಡಲ್ಲಿ ಗೋಲ್ ಕೊಟ್ಟಿದಾರೆ ಅಂತಿತ್ತು. ಹಾಗಾಗಿ ಚೆಕ್ ಮುಗೀತು, ಎಲ್ಲಾ ಸರಿಯಿದೆ ಅನ್ನೋ ಅರ್ಥದಲ್ಲಿ ರೆಫ್ರಿ ಸೈಮನ್ ಹೂಪರ್‌ಗೆ ಹೇಳಿದ್ರು. ಹೂಪರ್‌ಗೆ ಅದು ಆಫ್‌ಸೈಡ್ ಸರಿಯಿದೆ ಅಂತ ಕೇಳಿಸ್ತು, ಇನ್ನೇನು ಕೇಳಿಸ್ಬೇಕು ಪಾಪ. ಥ್ಯಾಂಕ್ಸ್ ಹೇಳಿ ಫ್ರೀ ಕಿಕ್ ಕೊಟ್ಟು ಆಟ ಶುರು ಮಾಡಿದ್ರು.

ಆಮೇಲೆ ಏನಾಯ್ತು ಅನ್ನೋದು ಮೂರು ದಿನ ಬಿಟ್ಟು ಆಡಿಯೋ ಹೊರಗೆ ಬಂದಾಗ ಜನಕ್ಕೆ ಗೊತ್ತಾಯ್ತು. ನಾನು ಅದನ್ನ ಪೂರ್ತಿ ಕೇಳಿದೀನಿ, ಹೊಟ್ಟೆ ಕಿವುಚಿದ ಹಾಗಾಗುತ್ತೆ. ಮೊದಲು ಎಚ್ಚೆತ್ತಿದ್ದು ವಿಎಆರೂ ಅಲ್ಲ, ಅಸಿಸ್ಟೆಂಟ್ ವಿಎಆರೂ ಅಲ್ಲ, ರೀಪ್ಲೇ ಹಾಕಿ ಕೊಡೋ ಆಪರೇಟರ್. ತಾಳಿ ತಾಳಿ, ಗ್ರೌಂಡಲ್ಲಿ ಕೊಟ್ಟಿದ್ದು ಆಫ್‌ಸೈಡ್, ಇದು ಓಕೆನಾ ನಿಮಗೆ ಅಂತ ಅವರು ಕೇಳ್ತಾರೆ. ಆಗ ರೂಮಲ್ಲಿ ಗಾಬರಿ. ಆಟ ನಿಲ್ಸೋಕೆ ಹೇಳಿ ಅಂತ ಇನ್ನೊಬ್ಬ ಅಧಿಕಾರಿ ಕಡೆಯಿಂದಲೂ ಮೆಸೇಜ್ ಬರುತ್ತೆ. ಅದಕ್ಕೆ ಉತ್ತರ, ಏನೂ ಮಾಡೋಕಾಗಲ್ಲ, ಏನೂ ಮಾಡೋಕಾಗಲ್ಲ. ಯಾಕಂದ್ರೆ ಆಟ ಒಂದ್ಸಲ ಮತ್ತೆ ಶುರುವಾದ್ರೆ ಹಿಂದಕ್ಕೆ ಹೋಗಂಗಿಲ್ಲ ಅಂತ ಪ್ರೋಟೋಕಾಲ್. ಆಟ ಶುರುವಾಗಿ ಕೆಲವೇ ಸೆಕೆಂಡ್ ಆಗಿತ್ತು ಅಷ್ಟೇ. ರೂಮಲ್ಲಿರೋರಿಗೆಲ್ಲ ಸತ್ಯ ಗೊತ್ತು, ಗ್ರೌಂಡಲ್ಲಿ ಒಬ್ಬರಿಗೂ ಗೊತ್ತಿಲ್ಲ, ನಡುವೆ ಇರೋ ಮೈಕಿನ ಬಟನ್ ಯಾರೂ ಒತ್ತಲಿಲ್ಲ.

ಎರಡು ನಿಮಿಷಕ್ಕೆ ಸನ್ ಗೋಲ್ ಹಾಕಿ ಟಾಟನ್‌ಹ್ಯಾಮ್ ಮುಂದೆ ಹೋಯ್ತು. ಗಾಕ್ಪೋ ಸಮ ಮಾಡಿದ್ರು, ಲಿವರ್‌ಪೂಲ್‌ಗೆ ಎರಡು ರೆಡ್ ಕಾರ್ಡ್ ಬಿದ್ದು ಒಂಬತ್ತು ಜನದಲ್ಲಿ ಆಡಿ, ಇಂಜುರಿ ಟೈಮಿನ ಆರನೇ ನಿಮಿಷದಲ್ಲಿ ಮಾಟಿಪ್ ಓನ್ ಗೋಲಿಂದ 2-1 ಸೋತ್ರು. ರೆಫ್ರಿಗಳ ಸಂಸ್ಥೆ ಪಿಜಿಎಂಒಎಲ್ ಅದೇ ಸಂಜೆ ದೊಡ್ಡ ಮಾನವ ತಪ್ಪು ಆಗಿದೆ ಅಂತ ಒಪ್ಕೊಂಡಿತು. ಲಿವರ್‌ಪೂಲ್ ಕೋಚ್ ಕ್ಲಾಪ್ ಮ್ಯಾಚ್ ಮತ್ತೆ ಆಡ್ಸಿ ಅಂದ್ರು, ಅದು ಆಗ್ಲಿಲ್ಲ, ಆಗೋದೂ ಇಲ್ಲ.

ನೋಡಿ ಇಲ್ಲಿ ಪಾಯಿಂಟ್ ಏನಂದ್ರೆ, 1986ರಲ್ಲಿ ಸಮಸ್ಯೆ ಏನಿತ್ತು, ಟೀವಿ ಮುಂದೆ ಕೂತೋರಿಗೆ ಗೊತ್ತು, ರೆಫ್ರಿಗೆ ಗೊತ್ತಿಲ್ಲ. 37 ವರ್ಷ ಆದ್ಮೇಲೆ, ಇಷ್ಟೆಲ್ಲ ಕ್ಯಾಮೆರಾ ಕೇಬಲ್ ಎಳೆದು ಹೆಡ್‌ಸೆಟ್ ಹಾಕ್ಕೊಂಡು ಕೂತ್ಮೇಲೂ, ಸ್ಕ್ರೀನ್ ಮುಂದೆ ಕೂತೋರಿಗೆ ಗೊತ್ತು, ರೆಫ್ರಿಗೆ ಗೊತ್ತಿಲ್ಲ. ಇದು ಒಂದು ಸಾಲಿನ ಮಾತಿನ ಪ್ರಶ್ನೆ ಆಗಿತ್ತು. ಆನ್‌ಸೈಡ್, ಗೋಲ್ ಕೊಡಿ ಅಂತ ಪೂರ್ತಿ ಹೇಳಿದ್ರೆ ಮುಗೀತಿತ್ತು.

ಕ್ರಿಕೆಟ್ ನೋಡೋ ನಮ್ಮ ಜನಕ್ಕೆ ಇದು ತಲೆಗೆ ಹೋಗೋದೇ ಇಲ್ಲ, ನಮ್ಮ ಚಿಕ್ಕಪ್ಪ ಒಬ್ಬರು ಇದನ್ನ ಕೇಳಿ ಅದು ಹೆಂಗೋ ಆಗುತ್ತೆ, ಥರ್ಡ್ ಅಂಪೈರ್ ಬಾಯ್ಬಿಟ್ಟು ಹೇಳಲ್ವಾ ಅಂದ್ರು. ಅದೇ ಪ್ರಶ್ನೆ ನಂದೂ. ಡಿಆರ್‌ಎಸ್‌ನಲ್ಲಿ ಏನ್ ಮಾಡ್ತಾರೆ, ಮೊದ್ಲು ನೋ ಬಾಲ್ ಚೆಕ್, ಆಮೇಲೆ ಬ್ಯಾಟಿಗೆ ತಾಗಿದ್ಯಾ, ಆಮೇಲೆ ಬಾಲ್ ಟ್ರ್ಯಾಕಿಂಗ್, ಪಿಚಿಂಗ್ ಎಲ್ಲಿ, ಇಂಪ್ಯಾಕ್ಟ್ ಎಲ್ಲಿ, ವಿಕೆಟ್‌ಗೆ ತಾಗುತ್ತಾ, ಕೊನೆಗೆ ನಿಮ್ಮ ಮೂಲ ನಿರ್ಧಾರ ಇದು, ಅದನ್ನ ಬದಲಾಯಿಸಿ ಅಥವಾ ಹಂಗೇ ಇಡಿ. ಪ್ರತಿ ಹೆಜ್ಜೆನೂ ಬಾಯಲ್ಲಿ ಹೇಳ್ತಾರೆ, ಟೀವಿ ನೋಡ್ತಿರೋ ಕೋಟ್ಯಂತರ ಜನಕ್ಕೆ ಕೇಳಿಸುತ್ತೆ, ಗ್ರೌಂಡಲ್ಲಿ ದೊಡ್ಡ ಸ್ಕ್ರೀನಲ್ಲಿ ಕಾಣಿಸುತ್ತೆ. ಜನ ಕೇಳಿಸ್ಕೊಳ್ತಿದಾರೆ ಅಂತ ಗೊತ್ತಿದ್ರೆ ಯಾರೇ ಆಗ್ಲಿ ಅರ್ಧಂಬರ್ಧ ಮಾತಾಡಲ್ಲ. ರಗ್ಬಿಲಿ ಕೂಡ ರೆಫ್ರಿ ಮತ್ತೆ ಟಿಎಂಒ (ಅಲ್ಲಿನ ವಿಡಿಯೋ ರೆಫ್ರಿ) ಮಾತಾಡೋದು ನೇರವಾಗಿ ಕೇಳಿಸುತ್ತೆ. ಫುಟ್‌ಬಾಲಲ್ಲಿ ಮಾತ್ರ ರೆಫ್ರಿ–ವಿಎಆರ್ ಮಾತುಕತೆ ಲೈವ್ ಕೇಳಿಸೋಕೆ ಐಎಫ್‌ಎಬಿ ಬಿಡಲ್ಲ. ಆಟಗಾರರು ಕಿರುಚಾಡ್ತಾರೆ, ಗಲಾಟೆ, ಹಲವು ಭಾಷೆ ಅಂತೆಲ್ಲ ಕಾರಣ ಹೇಳ್ತಾರೆ, ನನಗೆ ಇದು ಯಾವುದೂ ಸಾಕಾಗಲ್ಲ. ಕ್ರಿಕೆಟಲ್ಲೂ ವರ್ಲ್ಡ್ ಕಪ್ ಫೈನಲ್ ನಡೆಯುತ್ತೆ, ಅಲ್ಲೂ ಲಕ್ಷ ಜನ ಕೂಗ್ತಿರ್ತಾರೆ.

ಮಾತಿನ ವಿಷಯದಲ್ಲಿ ಇನ್ನೊಂದು. 2023ರ ಫೆಬ್ರವರಿ 11ಕ್ಕೆ ಆರ್ಸೆನಲ್ ಮೇಲೆ ಬ್ರೆಂಟ್‌ಫರ್ಡಿನ ಟೋನಿ ಹಾಕಿದ ಗೋಲಲ್ಲಿ ವಿಎಆರ್ ಲೀ ಮೇಸನ್ ಒಂದು ಆಫ್‌ಸೈಡಿಗೆ ಗೆರೆ ಎಳೆಯೋದನ್ನೇ ಬಿಟ್ಬಿಟ್ರು. ಅದೇ ದಿನ ಪ್ಯಾಲೆಸ್–ಬ್ರೈಟನ್ ಮ್ಯಾಚಲ್ಲಿ ಗೆರೆನ ತಪ್ಪು ಡಿಫೆಂಡರ್ ಮೇಲೆ ಎಳೆದು ಬ್ರೈಟನ್ನಿನ ಗೋಲ್ ತೆಗೆದ್ರು. ಮೇಸನ್ ಆಮೇಲೆ ಆ ಕೆಲಸನೇ ಬಿಟ್ರು. ಒಬ್ಬ ಮನುಷ್ಯನನ್ನ ಕಳಿಸಿದ್ರೆ ಸರಿಹೋಗೋ ವಿಷಯ ಇದಲ್ಲ. ಅವರು ಒಂದೊಂದು ಹೆಜ್ಜೆನೂ ಜೋರಾಗಿ ಹೇಳ್ಕೊಂಡು ಹೋಗ್ಲೇಬೇಕು ಅನ್ನೋ ಪದ್ಧತಿ ಇದ್ದಿದ್ರೆ, ಗೆರೆ ಎಳೆದಿಲ್ಲ ಅಂತ ಪಕ್ಕದಲ್ಲಿ ಕೂತೋರು ಹೇಳ್ತಿದ್ರು, ಅಥವಾ ನಾವೇ ಸೋಫಾ ಮೇಲಿಂದ ಕೂಗ್ತಿದ್ವಿ.

ಗ್ರೌಂಡಲ್ಲಿ ಕೂತೋರ ಅನುಭವಕ್ಕೆ ಐದಕ್ಕೆ ಒಂದು. ಅದಕ್ಕಿಂತ ಜಾಸ್ತಿ ಕೊಡೋಕೆ ಮನಸ್ಸೇ ಬರಲ್ಲ. ವಿಎಆರ್ ಇಂಗ್ಲೆಂಡಿಗೆ ಬಂದಾಗ ಓಲ್ಡ್ ಟ್ರಾಫರ್ಡ್, ಆನ್‌ಫೀಲ್ಡ್‌ನಂಥ ದೊಡ್ಡ ದೊಡ್ಡ ಗ್ರೌಂಡಲ್ಲಿ ದೊಡ್ಡ ಸ್ಕ್ರೀನೇ ಇರ್ಲಿಲ್ಲ. ಗೋಲ್ ಆಗುತ್ತೆ, ಪಕ್ಕದೋರನ್ನ ತಬ್ಕೊಂಡು ಕುಣೀತಾರೆ, ಆಮೇಲೆ ರೆಫ್ರಿ ಕಿವಿಗೆ ಬೆರಳಿಟ್ಕೊಂಡು ನಿಂತ್ಕೊಳ್ತಾರೆ, ಏನ್ ಚೆಕ್ ಮಾಡ್ತಿದಾರೆ ಅಂತ ಯಾರಿಗೂ ಗೊತ್ತಿಲ್ಲ, ಆಫ್‌ಸೈಡಾ, ಹ್ಯಾಂಡ್‌ಬಾಲಾ, ಅರ್ಧ ನಿಮಿಷ ಹಿಂದಿನ ಫೌಲಾ. ಬೆಂಗಳೂರಲ್ಲಿ ಕೂತು ಟೀವಿ ನೋಡ್ತಿರೋ ನನಗೆ ನಾಲ್ಕು ಆಂಗಲ್ ಕಾಣುತ್ತೆ, ಅಲ್ಲೇ ಐವತ್ತು ಅಡಿ ದೂರದಲ್ಲಿ ಮಳೇಲಿ ನೆನ್ಕೊಂಡು ನಿಂತಿರೋ ಮನುಷ್ಯನಿಗೆ ಏನೂ ಇಲ್ಲ. ಇದು ಯಾವ ನ್ಯಾಯ ಹೇಳಿ. 2025ರ ಮಾರ್ಚ್ 1ಕ್ಕೆ ಎಫ್‌ಎ ಕಪ್ಪಲ್ಲಿ ಬೋರ್ನ್‌ಮತ್–ವುಲ್ವ್ಸ್ ಮ್ಯಾಚಿನ ಒಂದು ಗೋಲಿಗೆ ಸುಮಾರು ಎಂಟು ನಿಮಿಷ ಚೆಕ್ ಮಾಡಿದ್ರು. ಎಂಟು ನಿಮಿಷ! 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಂತೂ ಅರ್ಜೆಂಟೀನಾ–ಮೊರಾಕ್ಕೋ ಮ್ಯಾಚಲ್ಲಿ ಕೊನೇ ಕ್ಷಣದ ಗೋಲಿಗೆ ಜನ ಗ್ರೌಂಡಿಗೆ ನುಗ್ಗಿ ಮ್ಯಾಚ್ ನಿಂತು, ಎಲ್ಲಾರನ್ನೂ ಆಚೆ ಕಳಿಸಿ, ಹತ್ತಿರ ಹತ್ತಿರ ಎರಡು ಗಂಟೆ ಆದ್ಮೇಲೆ ಆಟಗಾರರನ್ನ ವಾಪಸ್ ಕರ್ಕೊಂಡು ಬಂದು ಆಫ್‌ಸೈಡ್ ಅಂತ ಹೇಳಿದ್ರು, 2-2 ಇದ್ದದ್ದು 2-1 ಆಯ್ತು, ಅದನ್ನ ಕೇಳೋಕೆ ಸ್ಟ್ಯಾಂಡಲ್ಲಿ ಯಾರೂ ಇರ್ಲಿಲ್ಲ.

ಕೊವೆಂಟ್ರಿ ವಿಷಯ ಹೇಳ್ದೇ ಮುಂದೆ ಹೋಗೋಕಾಗಲ್ಲ. 2024ರ ಏಪ್ರಿಲ್, ಎಫ್‌ಎ ಕಪ್ ಸೆಮಿಫೈನಲ್, ಎರಡನೇ ಡಿವಿಷನ್ ಟೀಮು, ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 3-0 ಹಿಂದೆ ಇದ್ದು 3-3 ಮಾಡಿದ್ರು, ಎಕ್ಸ್‌ಟ್ರಾ ಟೈಮಿನ ಕೊನೇ ಕ್ಷಣದಲ್ಲಿ ಟಾರ್ಪ್ ನಾಲ್ಕನೇ ಗೋಲ್ ಹಾಕಿದ್ರು, ವೆಂಬ್ಲಿಯ ಅರ್ಧ ಭಾಗ ಹುಚ್ಚೆದ್ದು ಹೋಯ್ತು, ಆಮೇಲೆ ಹಾಜಿ ರೈಟ್ ಕಾಲಿನ ತುದಿ ಮುಂದಿದೆ ಅಂತ ತೆಗೆದ್ರು, ಪೆನಾಲ್ಟಿಲಿ ಸೋತ್ರು. ರೂಲ್ ಪ್ರಕಾರ ಆಫ್‌ಸೈಡ್ ಅಂದ್ರೆ ಆಫ್‌ಸೈಡೇ, ನಾನು ಅದನ್ನ ಪ್ರಶ್ನೆ ಮಾಡ್ತಿಲ್ಲ. ಆದ್ರೆ ಆಗಿನ್ನೂ ಕೈಯಲ್ಲೇ ಫ್ರೇಮ್ ಆರಿಸ್ತಿದ್ದ ಕಾಲ, ಮೇಲೆ ಹೇಳಿದ 17 ಸೆಂಟಿಮೀಟರ್ ಲೆಕ್ಕ ನೆನಪು ಮಾಡ್ಕೊಂಡ್ರೆ ಇವತ್ತಿಗೂ ಸಂಕಟ ಆಗುತ್ತೆ.

ಇದೆಲ್ಲ ನೋಡಿ ಕೆಲವು ಕಡೆ ಗ್ರಾಹಕರೇ ಎದ್ದು ನಿಂತ್ರು. ಸ್ವೀಡನ್ನಿನಲ್ಲಿ ಕ್ಲಬ್ಬುಗಳ ಮೇಲೆ 51 ಪರ್ಸೆಂಟ್ ಹಿಡಿತ ಮೆಂಬರ್‌ಗಳದ್ದೇ, ಅವರು ಬೇಡ ಅಂದ್ರು, 2024ರಲ್ಲಿ ಅಲ್ಲಿನ ಫೆಡರೇಷನ್ ವಿಎಆರ್ ತರಲ್ಲ ಅಂತ ಹೇಳ್ತು. ನಾರ್ವೆಲಿ 2023ರಲ್ಲಿ ತಂದ್ರು, ಮುಂದಿನ ವರ್ಷ ಜುಲೈಲಿ ರೋಸೆನ್‌ಬೋರ್ಗ್–ಲಿಲ್ಲೆಸ್ಟ್ರೋಮ್ ಮ್ಯಾಚಲ್ಲಿ ಜನ ಮೀನಿನ ಕೇಕು, ಟೆನಿಸ್ ಬಾಲು, ಹೊಗೆ ಬಾಂಬು ಎಸೆದು ಮ್ಯಾಚೇ ನಿಲ್ಸಿದ್ರು. 2025ರ ಜನವರಿಯಲ್ಲಿ ಕ್ಲಬ್ಬುಗಳು 19-13 ವೋಟಲ್ಲಿ ತೆಗೀರಿ ಅಂದ್ವು, ಆದ್ರೆ ಮಾರ್ಚಲ್ಲಿ ಫೆಡರೇಷನ್ ಸಭೆ ದೊಡ್ಡ ಬಹುಮತದಲ್ಲಿ ಇಟ್ಕೊಳ್ಳೋಣ ಅಂತು. ಇಂಗ್ಲೆಂಡಲ್ಲಿ ವುಲ್ವ್ಸ್ ಕ್ಲಬ್ ತೆಗೆಯೋ ಪ್ರಸ್ತಾಪ ಇಟ್ಟಿತು, 2024ರ ಜೂನ್ 6ಕ್ಕೆ ವೋಟ್ ಆಯ್ತು, 19-1, ವುಲ್ವ್ಸ್ ಒಬ್ಬರೇ ಆ ಕಡೆ. ಆಗ ಪ್ರೀಮಿಯರ್ ಲೀಗ್ ಹೇಳಿದ ಲೆಕ್ಕ ವಿಎಆರ್ ಮುಂಚೆ 82 ಪರ್ಸೆಂಟ್ ಇದ್ದ ಸರಿ ನಿರ್ಧಾರ ಈಗ 96 ಪರ್ಸೆಂಟ್ ಅಂತ. ಅವರ ಲೆಕ್ಕ ಅವರೇ ಮಾಡಿದ್ದು, ಆದ್ರೂ ನಾನು ನಂಬ್ತೀನಿ, ಮ್ಯಾಚ್ ನೋಡೋ ಯಾರಿಗೇ ಆಗ್ಲಿ ಕಂಡೂ ಕಾಣದ ಆಫ್‌ಸೈಡ್ ಗೋಲುಗಳು ಕಮ್ಮಿಯಾಗಿದ್ದು ಗೊತ್ತಾಗುತ್ತೆ. ಹಾಗಿದ್ರೆ ಜನಕ್ಕೆ ಯಾಕೆ ಇಷ್ಟು ಸಿಟ್ಟು? ಯಾಕಂದ್ರೆ ನಮಗೆ ಫಲಿತಾಂಶ ಮಾತ್ರ ಕೊಡ್ತಾರೆ, ಅಲ್ಲಿಗೆ ಹೇಗೆ ಬಂದ್ರು ಅಂತ ತೋರ್ಸಲ್ಲ. ಹಾಗಾಗಿ ತಪ್ಪಾದಾಗ ಜನಕ್ಕೆ ಬೇಕಂತ್ಲೇ ಮಾಡಿದ್ರು ಅನ್ನೋ ಅನುಮಾನ ಬರುತ್ತೆ, ಡಿಯಾಜ್ ಗೋಲ್ ಆದ್ಮೇಲೆ ಮೂರು ದಿನ ಇಂಟರ್ನೆಟ್ಟಲ್ಲಿ ಬಂದ ಕತೆಗಳು ನೋಡಿದೋರಿಗೆ ಗೊತ್ತು. ಆಡಿಯೋ ಬಂದ್ಮೇಲೆ ಆ ಕತೆಗಳು ಎಷ್ಟೋ ನಿಂತ್ವು, ಏನೇ ಇರ್ಲಿ ಅದು ಗಾಬರಿಲಿ ಆದ ತಪ್ಪು ಅಂತ ಕೇಳಿದ್ರೇನೇ ಗೊತ್ತಾಗುತ್ತೆ.

ಸ್ವಲ್ಪ ಸ್ವಲ್ಪ ಬದಲಾಗ್ತಿದೆ, ಅದನ್ನೂ ಹೇಳ್ಬೇಕು. 2023ರ ವಿಮೆನ್ಸ್ ವರ್ಲ್ಡ್ ಕಪ್ಪಲ್ಲಿ ರೆಫ್ರಿ ಮೈಕ್ ಆನ್ ಮಾಡಿ ಇಡೀ ಸ್ಟೇಡಿಯಂಗೆ ನಿರ್ಧಾರ ಹೇಳಿದ್ರು. ಇಂಗ್ಲೆಂಡಲ್ಲಿ ಮೊದಲ ಸಲ 2025ರ ಜನವರಿ 8ಕ್ಕೆ ಟಾಟನ್‌ಹ್ಯಾಮ್–ಲಿವರ್‌ಪೂಲ್ ಲೀಗ್ ಕಪ್ ಸೆಮಿಯಲ್ಲಿ ಸ್ಟುವರ್ಟ್ ಆಟ್‌ವೆಲ್ ಹೀಗೆ ಹೇಳಿದ್ರು, ಸೊಲಾಂಕೆ ಗೋಲ್ ಆಫ್‌ಸೈಡ್ ಅಂತ. ರೆಫ್ರಿಗಳ ಮುಖ್ಯಸ್ಥ ಹೋವರ್ಡ್ ವೆಬ್ ಟೀವಿಲಿ ಕೂತು ಹಳೇ ಆಡಿಯೋ ಹಾಕಿ ವಿವರಿಸ್ತಾರೆ. ಒಳ್ಳೇದು. ಆದ್ರೆ ಅದು ಕೊನೇ ಸಾಲು ಮಾತ್ರ, ಅಥವಾ ವಾರಗಟ್ಟಲೆ ಆದ್ಮೇಲೆ. ನನಗೆ ಬೇಕಿರೋದು ಆ ನಡುವಿನ ಒಂದು ನಿಮಿಷ, ಆಗಿಂದಾಗಲೇ.

ಇನ್ನು ನಮ್ಮ ಕಡೆ ಡೆಲಿವರಿ ವಿಷಯ. ಇಲ್ಲ. ನಮ್ಮ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) 2014ರಲ್ಲಿ ಶುರುವಾಯ್ತು, ಹತ್ತು ಸೀಸನ್ ಕಳೆದ್ರೂ ವಿಎಆರ್ ಬರ್ಲಿಲ್ಲ. ನಮ್ಮ ದೇಶದ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್ ವಿಎಆರ್ ಲೈಟ್ ಅಂತ ಕಮ್ಮಿ ಖರ್ಚಿನದೊಂದು ತರೋ ಮಾತಾಡ್ತು, ಅಷ್ಟೇ.

ಇದರ ನೋವು ನಮಗೆ ದೊಡ್ಡದಾಗೇ ತಟ್ಟಿದೆ. 2024ರ ಜೂನ್ 11, ದೋಹಾ, ಭಾರತ–ಕತಾರ್ ವರ್ಲ್ಡ್ ಕಪ್ ಕ್ವಾಲಿಫೈಯರ್. ನಮ್ಮ ಕ್ಯಾಪ್ಟನ್ ಆಗಿದ್ದ ಸುನಿಲ್ ಛೆಟ್ರಿ ಐದು ದಿನ ಮುಂಚೆ ಕೋಲ್ಕತ್ತಾದಲ್ಲಿ ವಿದಾಯ ಹೇಳಿದ್ರು, ನಮ್ಮ ಬೆಂಗಳೂರು ಎಫ್‌ಸಿ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಆವತ್ತು ಕ್ಯಾಪ್ಟನ್. ಛಾಂಗ್ಟೆ 37ನೇ ನಿಮಿಷಕ್ಕೆ ಗೋಲ್ ಹಾಕಿದ್ರು, ಗೆದ್ದಿದ್ರೆ ಮೊಟ್ಟಮೊದಲ ಬಾರಿಗೆ ಮೂರನೇ ರೌಂಡಿಗೆ ಹೋಗ್ತಿದ್ವಿ, ಏಷ್ಯನ್ ಕಪ್ ಜಾಗನೂ ನೇರವಾಗಿ ಸಿಗ್ತಿತ್ತು. 73ನೇ ನಿಮಿಷ, ಗುರ್‌ಪ್ರೀತ್ ಒಂದು ಹೆಡರ್ ತಡೆದ್ರು, ಬಾಲ್ ಗೋಲ್ ಪಕ್ಕದಲ್ಲಿ ಗೆರೆ ದಾಟಿ ಆಚೆ ಹೋಯ್ತು, ನಮ್ಮ ಹುಡುಗರು ಕಾರ್ನರ್ ಅಂತ ನಿಂತ್ರು, ಕತಾರಿನ ಆಟಗಾರ ಆಚೆಯಿಂದ ಬಾಲನ್ನ ಕಾಲಲ್ಲಿ ಒಳಗೆ ಎಳೆದ, ಯೂಸುಫ್ ಐಮನ್ ಗೋಲಿಗೆ ತಳ್ಳಿದ್ರು. ರೆಫ್ರಿ ಗೋಲ್ ಕೊಟ್ರು. ಆ ರೌಂಡಲ್ಲಿ ವಿಎಆರ್ ಇರ್ಲಿಲ್ಲ. 85ನೇ ನಿಮಿಷಕ್ಕೆ ಇನ್ನೊಂದು ಹಾಕಿ ಕತಾರ್ 2-1 ಗೆದ್ದಿತು. ಎಐಎಫ್‌ಎಫ್ ದೂರು ಕೊಡ್ತು, ಆಗಿದ್ದು ಆಗೋಯ್ತು. ಗೋಲಿಗೆ ಮುಂಚೆ ಬಾಲ್ ಔಟ್ ಆಗಿತ್ತಾ ಅನ್ನೋದು ವಿಎಆರ್ ಅತ್ಯಂತ ಸುಲಭವಾಗಿ, ಹತ್ತೇ ಸೆಕೆಂಡಲ್ಲಿ ಹೇಳೋ ವಿಷಯ. ಮಿತೋಮಾ ಬಾಲಿನ ಅಂಚನ್ನ ಮೇಲಿಂದ ಅಳೆದು ನೋಡಿದ ಅದೇ ದೇಶದಲ್ಲಿ, ಎರಡು ವರ್ಷವೂ ಆಗಿರ್ಲಿಲ್ಲ, ಯಾರೂ ನೋಡೋರಿರ್ಲಿಲ್ಲ. ವಿಎಆರ್ ಬೇಡ ಅಂತ ಯಾರಾದ್ರೂ ನನ್ನತ್ರ ಬಂದ್ರೆ ನಾನು ಈ ಗೋಲಿನ ವಿಡಿಯೋ ತೋರಿಸ್ತೀನಿ.

ಆದ್ರೆ ಕಂಠೀರವದ ವಿಷಯ ಬೇರೆ, ಇದನ್ನ ಜನ ಒಂದೇ ಗಂಟಿಗೆ ಕಟ್ತಾರೆ, ಅದು ಸರಿಯಲ್ಲ. 2023ರ ಮಾರ್ಚ್ 3, ಬೆಂಗಳೂರು ಎಫ್‌ಸಿ–ಕೇರಳ ಬ್ಲಾಸ್ಟರ್ಸ್ ನಾಕೌಟ್, 0-0 ಆಗಿ ಎಕ್ಸ್‌ಟ್ರಾ ಟೈಮು, ಛೆಟ್ರಿ ಫ್ರೀ ಕಿಕ್ ತಟ್ಟನೆ ಹೊಡೆದ್ರು, ಕೀಪರ್ ಇನ್ನೂ ಗೋಡೆ ನಿಲ್ಲಿಸ್ತಿದ್ರು, ಗೋಲ್. ರೆಫ್ರಿ ಕ್ರಿಸ್ಟಲ್ ಜಾನ್ ಗೋಲ್ ಕೊಟ್ರು, ಬ್ಲಾಸ್ಟರ್ಸ್ ಕೋಚ್ ವುಕೊಮನೋವಿಚ್ ಟೀಮನ್ನ ಆಚೆ ಕರ್ಕೊಂಡು ಹೋದ್ರು, ಬೆಂಗಳೂರು 1-0 ಗೆದ್ದಿದೆ ಅಂತ ಘೋಷಣೆ ಆಯ್ತು. ಆಮೇಲೆ ಬ್ಲಾಸ್ಟರ್ಸಿಗೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ಬ್ಯಾನ್. ಆವತ್ತು ಎಲ್ಲಾರೂ ವಿಎಆರ್ ಬೇಕು ಅಂತ ಕೂಗಿದ್ರು. ಆದ್ರೆ ಫ್ರೀ ಕಿಕ್ ಸರಿಯಾಗಿ ಶುರು ಮಾಡಿದ್ರಾ ಅನ್ನೋದನ್ನ ನೋಡೋ ಅಧಿಕಾರ ವಿಎಆರ್‌ಗೆ ಇಲ್ಲ ಕಣ್ರೀ! ಇದ್ದಿದ್ರೂ ಕೈ ಕಟ್ಕೊಂಡು ಕೂರ್ಬೇಕಿತ್ತು. ಅಲ್ಲಿ ಪ್ರಶ್ನೆ ಇದ್ದಿದ್ದು ಒಂದೇ, ರೆಫ್ರಿ ವಿಷಲ್‌ಗೆ ಕಾಯಿರಿ ಅಂದಿದ್ರಾ ಇಲ್ವಾ. ಗೋಡೆನೂ ಬೇಡ ವಿಷಲ್ಲೂ ಬೇಡ ಅಂತ ರೆಫ್ರಿಗೆ ಹೇಳಿದ್ದೆ ಅಂತ ಛೆಟ್ರಿ ಮ್ಯಾಚ್ ಆದ್ಮೇಲೆ ಹೇಳಿದ್ರು. ಆ ಎರಡು ಸಾಲು ಸ್ಟೇಡಿಯಮ್ಮಿಗೆ ಕೇಳಿಸಿದ್ರೆ ಎರಡು ಊರಿನ ಅಭಿಮಾನಿಗಳ ನಡುವೆ ಇವತ್ತಿಗೂ ನಡೀತಿರೋ ಜಗಳ ಅಲ್ಲೇ ಮುಗೀತಿತ್ತೇನೋ. ಮತ್ತೆ ಅದೇ, ಮಾತು.

ಹಂಗಾಗಿ ನಮ್ಮ ಲೀಗಿಗೆ ನಾನು ರೆಕಮೆಂಡ್ ಮಾಡೋದು ದುಬಾರಿ ಮಾಡೆಲ್ ಅಲ್ಲ. ಫಿಫಾ ಇನ್ನೊಂದು ತಂದಿದೆ, ಫುಟ್‌ಬಾಲ್ ವಿಡಿಯೋ ಸಪೋರ್ಟ್ ಅಂತ, 2024ರಲ್ಲಿ ಕೊಲಂಬಿಯಾದ ಅಂಡರ್-20 ವಿಮೆನ್ಸ್ ವರ್ಲ್ಡ್ ಕಪ್ಪಲ್ಲಿ ಟ್ರೈ ಮಾಡಿದ್ರು. ಬೇರೆ ರೂಮಿಲ್ಲ, ಅಲ್ಲಿ ಕೂರೋ ವಿಎಆರ್ ಟೀಮಿಲ್ಲ. ಕೋಚ್‌ಗೆ ಮ್ಯಾಚಿಗೆ ಎರಡು ರಿವ್ಯೂ, ಕೇಳಿದ್ದು ಸರಿಯಾಗಿದ್ರೆ ಉಳ್ಕೊಳುತ್ತೆ, ರೆಫ್ರಿ ತಾನೇ ಮಾನಿಟರ್ ಹತ್ರ ಹೋಗಿ ನೋಡ್ತಾರೆ. ಡಿಆರ್‌ಎಸ್ ನೋಡಿ ಬೆಳೆದ ನಮ್ಮ ಜನಕ್ಕೆ ಇದನ್ನ ಒಂದು ನಿಮಿಷದಲ್ಲಿ ಅರ್ಥ ಮಾಡಿಸಬಹುದು, ಕ್ಯಾಮೆರಾ ಕಮ್ಮಿ ಇರೋ ಗ್ರೌಂಡಿಗೂ ಹೊಂದುತ್ತೆ. ಮಿಲಿಮೀಟರ್ ಆಫ್‌ಸೈಡ್ ಇದರಲ್ಲಿ ಸಿಗಲ್ಲ, ಸಿಗದಿದ್ರೂ ಪರವಾಗಿಲ್ಲ, ಬಾಲ್ ಔಟ್ ಆಗಿದ್ದು, ಬಾಕ್ಸ್ ಒಳಗೆ ಕೈ ತಾಗಿದ್ದು ಸಿಗುತ್ತೆ.

ಎಐಎಫ್‌ಎಫ್‌ನೋರಿಗೆ ನನ್ನದೊಂದೇ ಬೇಡಿಕೆ, ಯಾವ ಮಾಡೆಲ್ ತಂದ್ರೂ ಮೊದಲನೇ ಮ್ಯಾಚಿಂದಲೇ ರೆಫ್ರಿ ಕಾಲರ್‌ಗೆ ಮೈಕ್ ಹಾಕಿ ಏನು ನೋಡ್ತಿದೀನಿ, ಏನು ನಿರ್ಧಾರ, ಯಾಕೆ ಅಂತ ಸ್ಟೇಡಿಯಂ ಸ್ಪೀಕರಲ್ಲಿ ಹೇಳಿಸಿ. ಇಷ್ಟಕ್ಕೆ ಐಎಫ್‌ಎಬಿ ಅಡ್ಡ ಬರಲ್ಲ, ಬೇರೆ ಟೂರ್ನಮೆಂಟುಗಳಲ್ಲಿ ಆಗ್ಲೇ ಮಾಡ್ತಿದಾರೆ. ಒಂದು ಮೈಕು, ಒಂದು ಸ್ಪೀಕರು ಸಾಕು, ಕಂಠೀರವದಲ್ಲಿ ಸ್ಪೀಕರ್ ಆಗ್ಲೇ ಇದೆ.